ಥೀಮ್ ಪಾರ್ಕಿನಲ್ಲಿ ಭೌತಶಾಸ್ತ್ರದ ಒಂದು ದಿನ: ಮೊದಲು ಅಳತೆ, ಆಮೇಲೆ ಸವಾರಿ

ಹೈಸ್ಕೂಲು, ಪಿಯುಸಿ ಮಕ್ಕಳನ್ನು ಬಿಡದಿಯ ವಂಡರ್‌ಲಾದಂಥ ಕಡೆಗೆ ಕರೆದೊಯ್ಯುವಾಗ ನಾನು ಒಂದು ಕ್ರಮವನ್ನು ಮಾತ್ರ ಸಡಿಲಿಸುವುದಿಲ್ಲ. ಯಾವ ಆಟವನ್ನಾದರೂ ಹತ್ತುವ ಮುಂಚೆ ಕೆಳಗೆ ನಿಂತು ಅಳೆಯಬೇಕು. ಎಲ್ಲಿ ಮೈ ಭಾರವಾದಂತೆ ಅನಿಸುತ್ತದೆ, ಎಲ್ಲಿ ಹಗುರಾಗುತ್ತದೆ ಎಂದು ಊಹಿಸಿ ಬರೆದಿಡಬೇಕು. ಊಹೆ ಕೈಯಲ್ಲಿದ್ದವರು ಮಾತ್ರ ಸವಾರಿಯ ನಡುವೆ ಗಮನ ಕೊಡುತ್ತಾರೆ.

ಬೇಕಾಗುವ ಸಾಮಾನು ಸ್ವಲ್ಪ. ಜಾಮಿಟ್ರಿ ಬಾಕ್ಸಿನ ಕೋನಮಾಪಕದ ನಡುಬಿಂದುವಿಗೆ 20 ಸೆಂ.ಮೀ. ದಾರ ಕಟ್ಟಿ, ತುದಿಗೆ ಒಂದು ಕಬ್ಬಿಣದ ನಟ್ಟು ಇಳಿಬಿಡಿ. ನೇರ ಅಂಚಿಗೆ ಸ್ಟ್ರಾ ಅಂಟಿಸಿ. ಎತ್ತರ ಅಳೆಯುವ ಉಪಕರಣ ಸಿದ್ಧ. 30 ಮೀಟರ್ ಟೇಪು, ಸ್ಟಾಪ್‌ವಾಚ್, ಪೆನ್ಸಿಲ್ ಇರಲಿ. ಜೆಲ್ ಪೆನ್ ಬೇಡ, ಒಂದು ಹನಿ ನೀರಿಗೆ ಅಂಕಿಗಳೆಲ್ಲ ಕಲಸಿಹೋಗುತ್ತವೆ. ನಾಲ್ವರ ಗುಂಪಿನಲ್ಲಿ ಒಬ್ಬರು ಸಮಯ, ಒಬ್ಬರು ಕೋನ, ಒಬ್ಬರು ಬರವಣಿಗೆ, ಒಬ್ಬರು ಫೋಟೊ.

ಎತ್ತರದಿಂದಲೇ ಶುರು ಮಾಡಿ. ಗೋಪುರದ ಬುಡದಿಂದ 40 ಮೀಟರ್ ದೂರ ನಿಂತು ಸ್ಟ್ರಾದಲ್ಲಿ ತುದಿ ನೋಡಿದಾಗ ಏರುಕೋನ 37 ಡಿಗ್ರಿ ಬಂದರೆ, ಅದರ ಟ್ಯಾನ್ ಸುಮಾರು 0.75, ಅದನ್ನು ದೂರದಿಂದ ಗುಣಿಸಿದರೆ ಎತ್ತರ 30 ಮೀಟರ್, ಅದಕ್ಕೆ ಕಣ್ಣಿನ ಎತ್ತರ 1.5 ಮೀಟರ್ ಕೂಡಿಸಿ. ದಾರ ನಿಲ್ಲುವ ಗುರುತು ಏರುಕೋನವಲ್ಲ. ಆ ಗುರುತಿಗೂ 90ಕ್ಕೂ ಇರುವ ವ್ಯತ್ಯಾಸ ಏರುಕೋನ. ಹೆಚ್ಚಿನ ತಪ್ಪು ಇಲ್ಲೇ ಆಗುತ್ತದೆ.

ಅತಿ ಹೆಚ್ಚು ಕಲಿಸುವುದು ಸರಪಳಿ ಕುರ್ಚಿಗಳು ಸುತ್ತುವ ಆಟ. ಜಾತ್ರೆಯಲ್ಲಿ ಸಿಕ್ಕರೂ ಸಾಕು, ಪಾರ್ಕೇ ಆಗಬೇಕೆಂದಿಲ್ಲ. ಸುತ್ತುವಾಗ ಕುರ್ಚಿ ಹೊರಕ್ಕೆ ಹಾರುವ ಕೋನದ ಟ್ಯಾನ್ ಎಂದರೆ ವೇಗದ ವರ್ಗವನ್ನು ತ್ರಿಜ್ಯ ಮತ್ತು ಗುರುತ್ವ ವೇಗೋತ್ಕರ್ಷದ ಗುಣಲಬ್ಧದಿಂದ ಭಾಗಿಸಿದ್ದು. ಸರಪಳಿ ಕಟ್ಟಿದ ಕೊಂಡಿ ನಡುಗಂಬದಿಂದ 4 ಮೀಟರ್ ದೂರ, ಸರಪಳಿ 4 ಮೀಟರ್ ಉದ್ದ, ಕೋನ 35 ಡಿಗ್ರಿ ಎಂದುಕೊಳ್ಳಿ. ಹಾರಿದ ಕುರ್ಚಿಯ ತ್ರಿಜ್ಯ 6.3 ಮೀಟರ್, ವೇಗ ಸೆಕೆಂಡಿಗೆ 6.6 ಮೀಟರ್, ಒಂದು ಸುತ್ತಿಗೆ 6 ಸೆಕೆಂಡ್. ತ್ರಿಜ್ಯವನ್ನು 4 ಮೀಟರ್ ಎಂದೇ ಹಿಡಿದರೆ ಸುತ್ತಿನ ಸಮಯ 4.8 ಸೆಕೆಂಡಿಗೆ ಇಳಿಯುತ್ತದೆ, ಸ್ಟಾಪ್‌ವಾಚ್ ಜೊತೆ ತಾಳೆಯಾಗುವುದಿಲ್ಲ. ಫೋಟೊ ತೆಗೆಯುವಾಗ ಎಡ ಅಥವಾ ಬಲದ ಕಟ್ಟಕಡೆಗೆ ಬಂದ ಕುರ್ಚಿಯನ್ನೇ ಅಳೆಯಿರಿ; ನಮ್ಮ ನೇರ ಎದುರಿಗೆ ಅಡ್ಡಲಾಗಿ ಹಾದುಹೋಗುವ ಕುರ್ಚಿಯ ಓರೆ ನಿಜಕ್ಕಿಂತ ಕಡಿಮೆ ಕಾಣುತ್ತದೆ. ಇನ್ನು ಖಾಲಿ ಕುರ್ಚಿಯನ್ನೂ ದಪ್ಪ ಆಸಾಮಿ ಕುಳಿತ ಕುರ್ಚಿಯನ್ನೂ ಹೋಲಿಸಿ ನೋಡಲು ಹೇಳಿ. ಎರಡೂ ಹೆಚ್ಚುಕಡಿಮೆ ಒಂದೇ ಕೋನದಲ್ಲಿರುತ್ತವೆ, ಏಕೆಂದರೆ ಸಮೀಕರಣದಲ್ಲಿ ದ್ರವ್ಯರಾಶಿಯೇ ಇಲ್ಲ. ಕರಿಹಲಗೆಯ ಮೇಲೆ ಎಷ್ಟು ಬರೆದರೂ ಒಪ್ಪದ ಮಕ್ಕಳು ಇದನ್ನು ಕಂಡು ಒಪ್ಪುತ್ತಾರೆ.

ನಮ್ಮಲ್ಲಿ ಕೊಲಂಬಸ್ ಎಂದೇ ಕರೆಯುವ ದೋಣಿ ಒಂದು ದೊಡ್ಡ ಲೋಲಕ. ಕೆಳಗಿನ ಟೈರು ದೋಣಿಯ ತಳಕ್ಕೆ ತಾಗಿ ತಳ್ಳುತ್ತಿರುವಾಗ ಅಥವಾ ತಡೆಯುತ್ತಿರುವಾಗ ಸಮಯ ತೆಗೆಯಬೇಡಿ. ನಡುವೆ ತಾನಾಗಿ ತೂಗುವ ನಾಲ್ಕು ತೂಗಾಟಗಳನ್ನು ಹಿಡಿದು ನಾಲ್ಕರಿಂದ ಭಾಗಿಸಿ. ಒಂದು ಪೂರ್ಣ ತೂಗಾಟಕ್ಕೆ 6 ಸೆಕೆಂಡ್ ಎಂದರೆ ಸರಳ ಲೋಲಕದ ಸೂತ್ರದಲ್ಲಿ ಉದ್ದ ಸುಮಾರು 9 ಮೀಟರ್. ಕೋನಮಾಪಕದಿಂದ ಅಳೆದ ಉದ್ದಕ್ಕಿಂತ ಇದು ಜಾಸ್ತಿ ಬರುವುದಕ್ಕೆ ಎರಡು ಕಾರಣ: ದೋಣಿ ಒಂದೇ ಬಿಂದುವಲ್ಲ, ಎರಡೂ ಕಡೆಗೆ ಚಾಚಿಕೊಂಡಿದೆ; ಜೊತೆಗೆ 60 ಡಿಗ್ರಿವರೆಗೆ ತೂಗುವ ಲೋಲಕ ಸೂತ್ರ ಹೇಳುವುದಕ್ಕಿಂತ ಸುಮಾರು 7% ಹೆಚ್ಚು ಸಮಯ ತೆಗೆದುಕೊಳ್ಳುತ್ತದೆ.

ವಂಡರ್‌ಲಾದ ರಿಕಾಯಿಲ್ ಎಂಬ ರೋಲರ್ ಕೋಸ್ಟರ್ ಶಕ್ತಿ ಪರಿವರ್ತನೆಯ ಪಾಠಕ್ಕೆ ಹೇಳಿ ಮಾಡಿಸಿದ್ದು. ರೈಲನ್ನು ಹಿಂದಕ್ಕೆ ಎತ್ತರಕ್ಕೆ ಎಳೆದು ಬಿಡುತ್ತಾರೆ. ಅದು ಮುಂದೆ ನುಗ್ಗಿ ಎದುರಿನ ಏರು ಹತ್ತಿ, ಅದೇ ಹಳಿಯಲ್ಲಿ ಹಿಮ್ಮುಖವಾಗಿ ಮರಳುತ್ತದೆ. ಎದುರಿನ ಏರಿನಲ್ಲಿ ಅದನ್ನು ಮತ್ತೆ ಯಂತ್ರ ಎಳೆಯುವುದೇಕೆ ಎಂದು ಕೇಳಿ. ಘರ್ಷಣೆಗೂ ಗಾಳಿಗೂ ಹೋದ ಶಕ್ತಿಯನ್ನು ತುಂಬಿಕೊಡದಿದ್ದರೆ ಹಳಿಯ ಸುರುಳಿಗಳನ್ನು ಮತ್ತೆ ದಾಟುವಷ್ಟು ವೇಗ ಬರುವುದಿಲ್ಲ. ಸುರುಳಿ ವೃತ್ತವಾಗಿರದೆ ಮೇಲೆ ಕಿರಿದಾಗಿರುವುದನ್ನೂ ತೋರಿಸಿ. ಪೂರ್ಣ ವೃತ್ತವಾಗಿದ್ದರೆ, ತುದಿಯನ್ನು ಸೀಟಿನ ಒತ್ತಡವೇ ಇಲ್ಲದೆ ಹೇಗೋ ದಾಟುವ ರೈಲಿನಲ್ಲಿ ಕೂಡ, ಬುಡದಲ್ಲಿ ಕುಳಿತವರ ಮೇಲೆ ತೂಕದ 6 ಪಟ್ಟು ಬಲ ಬೀಳುತ್ತಿತ್ತು.

ಫೋನಿನಲ್ಲಿ ಅಳೆಯುವುದಾದರೆ ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರ ಉಚಿತ ಆ್ಯಪ್ ಫೈಫಾಕ್ಸ್ ಸಾಕು. ಗುರುತ್ವ ಸೇರಿದ ವೇಗೋತ್ಕರ್ಷವನ್ನು ಆರಿಸಿ: ಸುಮ್ಮನೆ ಇಟ್ಟಾಗ 9.8, ಕೆಳಕ್ಕೆ ಬೀಳುವಾಗ ಸೊನ್ನೆಯ ಹತ್ತಿರ. ವೇಗದ ಆಟಗಳಲ್ಲಿ ಫೋನ್ ಬೇಡವೆಂದು ಸಿಬ್ಬಂದಿ ಹೇಳಿದರೆ ಅದೇ ಕೊನೆ ಮಾತು. ಬಿಡುವ ಕಡೆಯೂ ಜಿಪ್ ಹಾಕಿದ ಜೇಬಿನಲ್ಲೇ ಇರಲಿ. ವಾಯುಭಾರ ಸಂವೇದಕ ಇರುವ ಫೋನಾದರೆ ಜಯಂಟ್ ವೀಲಿನ ಎತ್ತರವೂ ಸಿಗುತ್ತದೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ 1 ಹೆಕ್ಟೊಪಾಸ್ಕಲ್ (ಒತ್ತಡದ ಮಾನ) ಇಳಿದರೆ ಸುಮಾರು 8.3 ಮೀಟರ್ ಏರಿದಂತೆ, ಗಾಳಿ ತೆಳುವಾಗಿರುವ ನಮ್ಮ ಬಯಲುಸೀಮೆಯಲ್ಲಿ 9 ಮೀಟರಿನ ಆಸುಪಾಸು.

ಸುತ್ತುವ ಆಟಗಳೆಲ್ಲ ಊಟಕ್ಕೆ ಮುಂಚೆಯೇ ಮುಗಿಯಲಿ. ತುಂಬಿದ ಹೊಟ್ಟೆಯಲ್ಲಿ ವಾಂತಿಯಾಗುವುದು ಹೆಚ್ಚು. ನೀರಿನ ಆಟಗಳನ್ನು ಕೊನೆಗೆ ಇಡಿ. ಟಿಪ್ಪಣಿ ಪುಸ್ತಕಗಳನ್ನೂ ಫೋನುಗಳನ್ನೂ ಒಬ್ಬ ಶಿಕ್ಷಕರಿಗೆ ಒಪ್ಪಿಸಿದ ಮೇಲೆಯೇ ಮಕ್ಕಳು ನೀರಿಗಿಳಿಯಲಿ.