ಮೇ ತಿಂಗಳ ವಿಜಯಪುರದಲ್ಲಿ ಗ್ರಾಫಿಕ್ಸ್ ಕಾರ್ಡ್ ಆರಿಸಿದ್ದು

ಗೇಮಿನ ಚಿತ್ರ ತೆರೆಗೆ ಬಿಡಿಸುವ ಗ್ರಾಫಿಕ್ಸ್ ಕಾರ್ಡ್ ಕೇಳಿಕೊಂಡು ಬರುವ ಹುಡುಗರ ಮೊಬೈಲ್‌ನಲ್ಲಿ ಒಂದು ಚಾರ್ಟ್ ಇದ್ದೇ ಇರುತ್ತದೆ. ಯಾವ ಕಾರ್ಡಿಗೆ ಯಾವ ಗೇಮ್‌ನಲ್ಲಿ ಎಷ್ಟು ಎಫ್‌ಪಿಎಸ್, ಅಂದರೆ ಸೆಕೆಂಡಿಗೆ ಎಷ್ಟು ಫ್ರೇಮ್ (ಚಿತ್ರ) ಅಂತ. ಆ ಚಾರ್ಟ್ ಸುಳ್ಳಲ್ಲ. ಆದರೆ ಅದನ್ನು ಮಾಡಿದವರು ಕಾರ್ಡಿನ ಪೂರ್ತಿ ತಾಕತ್ತು ಕಾಣಲಿ ಅಂತ ಮಾರ್ಕೆಟ್‌ನಲ್ಲಿರುವ ಅತಿ ವೇಗದ ಪ್ರೊಸೆಸರ್ ಹಾಕಿರುತ್ತಾರೆ. ತಂಪಾದ ರೂಮಿನಲ್ಲಿ, ಹೊಸ ಮದರ್‌ಬೋರ್ಡ್ ಮೇಲೆ ಓಡಿಸಿರುತ್ತಾರೆ. ನಮ್ಮಲ್ಲಿ ಏಪ್ರಿಲ್, ಮೇ ಬಂತೆಂದರೆ ಹೊರಗೆ 40 ಡಿಗ್ರಿ ದಾಟುತ್ತದೆ. ಆರ್‌ಸಿಸಿ ಮಾಳಿಗೆಯ ಕೆಳಗಿನ ರೂಮು ರಾತ್ರಿ ಹತ್ತಾದರೂ ಆರುವುದಿಲ್ಲ. ಆ ರೂಮಿನಲ್ಲಿ, ನಾಲ್ಕೈದು ವರ್ಷದ ಬೋರ್ಡ್ ಮೇಲೆ ಅದೇ ಕಾರ್ಡ್ ಹೇಗೆ ನಡೆಯುತ್ತದೆ ಅನ್ನೋದು ಬೇರೆಯೇ ಲೆಕ್ಕ.

ನಾನು ಕಂಪ್ಯೂಟರ್ ಅಸೆಂಬಲ್ ಮಾಡುವವನು. 2024ರ ಬೇಸಿಗೆಯಲ್ಲಿ ನನ್ನ ತಂಗಿಯ ಮಗನಿಗೆ ಕಾರ್ಡ್ ಹಾಕಿಸಬೇಕಿತ್ತು. ಅವನು ಎಂಜಿನಿಯರಿಂಗ್ ಓದುತ್ತಾನೆ, ಜಲನಗರದಲ್ಲಿ ಮೇಲಿನ ಮಹಡಿಯ ರೂಮಿನಲ್ಲಿ ಇರುತ್ತಾನೆ. ಮಷಿನ್‌ನಲ್ಲಿ ರೈಜೆನ್ 5 5600 ಪ್ರೊಸೆಸರ್, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, 550 ವ್ಯಾಟ್ ಎಸ್‌ಎಂಪಿಎಸ್ (ಮಷಿನ್‌ಗೆ ಕರೆಂಟ್ ಕೊಡುವ ಪೆಟ್ಟಿಗೆ) ಇತ್ತು. ಮಾನಿಟರ್ 1080ಪಿ (ಫುಲ್ ಎಚ್‌ಡಿ), 144 ಹರ್ಟ್ಸ್, ಅಂದರೆ ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವಂಥದ್ದು. ಹಳೆಯ ಕಾರ್ಡ್ 4 ಜಿಬಿಯ ಜಿಟಿಎಕ್ಸ್ 1650. ಆ ಬಜೆಟ್‌ನಲ್ಲಿ ಮೂರು ಕಾರ್ಡ್ ಕಣ್ಣಿಗೆ ಬಿದ್ದವು: ಎಎಂಡಿಯ ಆರ್‌ಎಕ್ಸ್ 6600, ಎನ್‌ವಿಡಿಯಾದ ಆರ್‌ಟಿಎಕ್ಸ್ 3060, ಆರ್‌ಟಿಎಕ್ಸ್ 4060. ಮೂರೂ ನನ್ನ ಕೈಗೆ ಸಿಗುವಂತಿದ್ದವು. ಹಾಗಾಗಿ ಅಂಗಡಿಯ ಟೇಬಲ್ ಮೇಲೆ ಓಡಿಸೋದು ಬಿಟ್ಟು, ಅವನ ರೂಮಿಗೇ ಒಯ್ದು ಅವನ ಮಷಿನ್‌ಗೇ ಒಂದೊಂದಾಗಿ ಹಾಕಿ ನೋಡಿದೆ.

ಪೆಟ್ಟಿಗೆ ಮೇಲಿನ ಅಂಕಿ ಮೊದಲು ಹೇಳಿಬಿಡುತ್ತೇನೆ. 3060 ಬಂದದ್ದು 2021ರಲ್ಲಿ: 12 ಜಿಬಿ ಮೆಮೊರಿ, 192 ಬಿಟ್ (ಮೆಮೊರಿಗೆ ಹೋಗುವ ದಾರಿಯ ಅಗಲ), 170 ವ್ಯಾಟ್. 6600 ಕೂಡ 2021ರದ್ದೇ: 8 ಜಿಬಿ, 128 ಬಿಟ್, 132 ವ್ಯಾಟ್. 4060 ಬಂದದ್ದು 2023ರಲ್ಲಿ: 8 ಜಿಬಿ, 128 ಬಿಟ್, 115 ವ್ಯಾಟ್. ಇನ್ನೊಂದು ಮಾತನ್ನು ಪೆಟ್ಟಿಗೆ ಮೇಲೆ ಯಾರೂ ದೊಡ್ಡದಾಗಿ ಬರೆಯುವುದಿಲ್ಲ. ಪಿಸಿಐಇ ಅಂದರೆ ಕಾರ್ಡ್ ಮತ್ತು ಬೋರ್ಡಿನ ನಡುವಿನ ಡೇಟಾ ದಾರಿ, ಲೇನ್ ಅಂದರೆ ಅದರ ಒಂದೊಂದು ಸಾಲು. 3060 ಹದಿನಾರು ಪಿಸಿಐಇ ಲೇನ್ ಬಳಸುತ್ತದೆ, ಉಳಿದ ಎರಡೂ ಎಂಟೇ. ಬಿ450 ಬೋರ್ಡ್ ಪಿಸಿಐಇ 3.0. ಹೊಸ 4.0 ಬೋರ್ಡಿಗೆ ಹೋಲಿಸಿದರೆ ಪ್ರತಿ ಲೇನಿನ ವೇಗ ಅರ್ಧ. ಎಂಟು ಲೇನಿನ ಕಾರ್ಡಿಗೆ ಇದು ಎಲ್ಲಿ ಕಚ್ಚುತ್ತದೆ ಅಂತ ಮುಂದೆ ಹೇಳುತ್ತೇನೆ.

ಟೆಸ್ಟ್ ಮಾಡುವಾಗ ಕೆಲವು ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಗೇಮ್ ಶುರು ಮಾಡಿದ ಕೂಡಲೇ ಬರೋ ನಂಬರ್ ತಗೊಳ್ಳುವುದಿಲ್ಲ. ಮೊದಲ ಸಲ ಶೇಡರ್ (ಚಿತ್ರ ಬಿಡಿಸುವ ಸಣ್ಣ ಪ್ರೋಗ್ರಾಂ) ಕಂಪೈಲ್ ಆಗುತ್ತಿರುತ್ತದೆ, ಆಗ ಎಲ್ಲ ಕಾರ್ಡೂ ತಡವರಿಸುತ್ತವೆ. ಕಾಲು ತಾಸಾದರೂ ಆಡಿ ಕಾರ್ಡ್ ಪೂರ್ತಿ ಕಾದ ಮೇಲೆಯೇ ಅಳತೆ. ತಣ್ಣಗಿದ್ದಾಗ ಕಾರ್ಡಿನ ಕ್ಲಾಕ್ (ಓಡುವ ವೇಗ) ಮೇಲಿರುತ್ತದೆ, ಕಾದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. ಎರಡು ನಿಮಿಷದ ಟೆಸ್ಟ್‌ನಲ್ಲಿ ಇದು ಕಾಣುವುದೇ ಇಲ್ಲ. ಗೇಮ್‌ನಲ್ಲೇ ಬೆಂಚ್‌ಮಾರ್ಕ್ (ವೇಗ ಅಳೆಯುವ ಟೆಸ್ಟ್) ಇದ್ದರೆ ಅದನ್ನೇ ಓಡಿಸುತ್ತೇನೆ. ಸೈಬರ್‌ಪಂಕ್ 2077, ರೆಡ್ ಡೆಡ್ ರಿಡೆಂಪ್ಶನ್ 2, ಶ್ಯಾಡೋ ಆಫ್ ದಿ ಟೂಂಬ್ ರೇಡರ್ ಮೂರರಲ್ಲೂ ಇದೆ. ಇಲ್ಲದಿದ್ದರೆ ಒಂದೇ ಸೇವ್‌ನಿಂದ ಒಂದೇ ದಾರಿಯಲ್ಲಿ ನಡೆಯುತ್ತೇನೆ. ಆಫ್ಟರ್‌ಬರ್ನರ್ ಅನ್ನೋ ಸಾಫ್ಟ್‌ವೇರ್ ತೆರೆ ಮೇಲೆ ಅಂಕಿ ತೋರಿಸುತ್ತದೆ, ಕ್ಯಾಪ್‌ಫ್ರೇಮ್‌ಎಕ್ಸ್ ಒಂದೊಂದು ಫ್ರೇಮಿನ ಸಮಯ ಬರೆದಿಡುತ್ತದೆ. ಎರಡೂ ಫ್ರೀ.

ಒಂದೊಂದು ಫ್ರೇಮಿನ ಸಮಯ ಯಾಕೆ ಬೇಕು? 60 ಎಫ್‌ಪಿಎಸ್ ಅಂದರೆ ಒಂದು ಫ್ರೇಮಿಗೆ 16.7 ಮಿಲಿಸೆಕೆಂಡ್. ಸರಾಸರಿ 90 ಬಂದರೂ ನಡುನಡುವೆ ಒಂದು ಫ್ರೇಮ್ 70 ಮಿಲಿಸೆಕೆಂಡ್ ತಗೊಂಡರೆ ಕಣ್ಣಿಗೆ ಅದೇ ಕಾಣುತ್ತದೆ. ಸರಾಸರಿಯಲ್ಲಿ ಅದು ಮುಚ್ಚಿಹೋಗುತ್ತದೆ. ಅದಕ್ಕೇ ನಾನು ಮೊದಲು ನೋಡೋದು 1 ಪರ್ಸೆಂಟ್ ಲೋ, ಅಂದರೆ ಅತಿ ನಿಧಾನದ ನೂರರಲ್ಲೊಂದು ಪಾಲು ಫ್ರೇಮುಗಳು. ಸರಾಸರಿ ಆಮೇಲೆ.

ವ್ಯಾಲೊರೆಂಟ್ ಅನ್ನೋ ಹಗುರ ಗೇಮ್‌ನಲ್ಲಿ ಮೂರು ಕಾರ್ಡಿನ ನಡುವೆ ಹೇಳಿಕೊಳ್ಳುವಂಥ ಫರಕೇ ಇರಲಿಲ್ಲ. ಅಲ್ಲಿ ದುಡಿಯೋದು ಪ್ರೊಸೆಸರ್, ಕಾರ್ಡ್ ಅರ್ಧ ಸುಮ್ನೆ ಕೂತಿರುತ್ತದೆ. ಬರೀ ವ್ಯಾಲೊರೆಂಟ್ ಆಡುವ ಹುಡುಗನಿಗೆ ದೊಡ್ಡ ಕಾರ್ಡ್ ಮಾರುವುದು ನನಗೆ ಸರಿ ಅನ್ನಿಸುವುದಿಲ್ಲ. ಭಾರದ ಗೇಮುಗಳಲ್ಲಿ, 1080ಪಿಯಲ್ಲಿ, 4060 ಮುಂದೆ. 3060ಗಿಂತ ಶೇ. 15ರಿಂದ 20ರಷ್ಟು. 6600 ಎಂಬುದು 3060ರ ಹಿಂದೆಯೇ ಇತ್ತು, ದೂರ ಇರಲಿಲ್ಲ. ರೇ ಟ್ರೇಸಿಂಗ್ (ಬೆಳಕು-ನೆರಳನ್ನು ನಿಜದಂತೆ ತೋರಿಸುವ ಲೆಕ್ಕ) ಹಾಕಿದ ಕೂಡಲೇ ಮಾತ್ರ 6600 ಕುಸಿಯಿತು.

ಮೆಮೊರಿಯ ವಿಷಯದಲ್ಲಿ ನಮ್ಮ ಹುಡುಗನಿಗೆ ಬಲವಾದ ಅಭಿಪ್ರಾಯ ಇತ್ತು. "ಮಾಮಾ, ಹನ್ನೆರಡು ಜಿಬಿದು ತಗೊಳ್ಳೋಣಲ್ಲ, ಮುಂದ ಬೇಕಾಗ್ತೈತಿ" ಅಂದ. ಅವನ ಮಾತಿನಲ್ಲಿ ಹುರುಳಿತ್ತು. ಸೈಬರ್‌ಪಂಕ್‌ನಲ್ಲಿ ಟೆಕ್ಸ್ಚರ್ (ಗೋಡೆ, ನೆಲ, ಬಟ್ಟೆಗಳ ಮೇಲ್ಮೈ ಚಿತ್ರ) ಪೂರ್ತಿ ಏರಿಸಿ, ರೇ ಟ್ರೇಸಿಂಗ್ ಹಾಕಿ, ಊರ ನಡುವೆ ಗಾಡಿ ಓಡಿಸಿದೆವು. 4060ರ ಸರಾಸರಿ ಚೆನ್ನಾಗಿಯೇ ಇತ್ತು. ಫ್ರೇಮ್ ಸಮಯದ ಗ್ರಾಫ್ ತೆಗೆದು ನೋಡಿದರೆ ಅಲ್ಲಲ್ಲಿ ಮುಳ್ಳು ಎದ್ದಂತೆ ಗೆರೆ ಮೇಲಕ್ಕೆ ಹಾರಿತ್ತು. ಹೊಸ ಓಣಿಗೆ ತಿರುಗಿದಾಗಲೆಲ್ಲ ಒಂದು ಮುಳ್ಳು. 3060ರ ಸರಾಸರಿ ಕಡಿಮೆ, ಆದರೆ ಗೆರೆ ಸಪಾಟು. ಕಾರಣ ಸರಳ. 8 ಜಿಬಿ ತುಂಬಿದ ಮೇಲೆ ಕಾರ್ಡ್ ಬೇಕಾದ್ದನ್ನು ಮಷಿನ್‌ನ ರ‍್ಯಾಮ್‌ನಿಂದ ತರಿಸಿಕೊಳ್ಳಬೇಕು. ಆ ದಾರಿಯೇ ಪಿಸಿಐಇ. 4060ಗೆ ಎಂಟೇ ಲೇನು, ಬೋರ್ಡ್ 3.0. ಅಂದರೆ ಇಕ್ಕಟ್ಟಿನ ದಾರಿ. ಹೊಸ ಬೋರ್ಡ್ ಇದ್ದಿದ್ದರೆ ಪೆಟ್ಟು ಇಷ್ಟು ಬೀಳುತ್ತಿರಲಿಲ್ಲ. ಚಾರ್ಟ್‌ನಲ್ಲಿ ಇದು ಕಾಣದಿರುವುದಕ್ಕೂ ಅದೇ ಕಾರಣ. ಆಮೇಲೆ ಟೆಕ್ಸ್ಚರ್ ಒಂದು ಮೆಟ್ಟಿಲು ಇಳಿಸಿ, ರೇ ಟ್ರೇಸಿಂಗ್ ತೆಗೆದು ಅದೇ ಓಣಿಯಲ್ಲಿ ಓಡಿಸಿದೆವು. ಮುಳ್ಳು ಹೋದವು. ಚಿತ್ರ ಎಲ್ಲಿ ಕೆಟ್ಟಿತು ಅಂತ ಹುಡುಕಿದರೂ ಅವನಿಗೆ ಸಿಗಲಿಲ್ಲ.

ಇನ್ನು ಶೆಕೆಯ ವಿಷಯ. ನನ್ನ ಪ್ರಕಾರ ನಮ್ಮ ಕಡೆ ಕಾರ್ಡ್ ಆರಿಸುವಾಗ ಇದಕ್ಕೆ ಎಫ್‌ಪಿಎಸ್‌ನಷ್ಟೇ ತೂಕ ಕೊಡಬೇಕು. ಕಾರ್ಡ್ ಎಳೆಯುವ ಒಂದೊಂದು ವ್ಯಾಟೂ ಕೊನೆಗೆ ಬಿಸಿಯಾಗಿ ರೂಮಿಗೇ ಬರುತ್ತದೆ. ಫ್ಯಾನ್ ಎಷ್ಟೇ ಒಳ್ಳೆಯದಿರಲಿ, ಅದು ಬಿಸಿಯನ್ನು ಕಾರ್ಡಿನಿಂದ ತೆಗೆದು ರೂಮಿಗೆ ಬಿಡುತ್ತದೆ ಅಷ್ಟೇ. ರೂಮು ಹತ್ತು ಡಿಗ್ರಿ ಜಾಸ್ತಿ ಕಾದಿದ್ದರೆ ಕಾರ್ಡೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಜಾಸ್ತಿ ಕಾಯುತ್ತದೆ. 28 ಡಿಗ್ರಿ ರೂಮಿನಲ್ಲಿ 70ಕ್ಕೆ ನಿಲ್ಲುವ ಕಾರ್ಡ್ 40 ಡಿಗ್ರಿಯಲ್ಲಿ 80 ದಾಟುತ್ತದೆ. ಎನ್‌ವಿಡಿಯಾ ಕಾರ್ಡುಗಳಲ್ಲಿ 83ರ ಸುಮಾರಿಗೆ ಒಂದು ಗಡಿ ಇಟ್ಟಿರುತ್ತಾರೆ. ಅಲ್ಲಿಗೆ ಬಂದ ಮೇಲೆ ಕಾರ್ಡ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಹಾಗಾಗಿ ನಾನು ಗೋಡೆಗೆ ಒಂದು ಥರ್ಮಾಮೀಟರ್ ತೂಗುಹಾಕುತ್ತೇನೆ. ಕಾರ್ಡಿನ ಉಷ್ಣತೆಯಲ್ಲಿ ರೂಮಿನದ್ದನ್ನು ಕಳೆದು, ಉಳಿದದ್ದನ್ನು ಹೋಲಿಸುತ್ತೇನೆ. ಇಲ್ಲದಿದ್ದರೆ ಬೆಳಗ್ಗೆ ಓಡಿಸಿದ ಕಾರ್ಡ್ ಒಳ್ಳೆಯದು, ಮಧ್ಯಾಹ್ನ ಓಡಿಸಿದ್ದು ಕೆಟ್ಟದ್ದು ಅಂತಾಗಿಬಿಡುತ್ತದೆ.

ಮಧ್ಯಾಹ್ನ ಮೂರಕ್ಕೆ, ಬಾಗಿಲು ಹಾಕಿದ ಆ ರೂಮಿನಲ್ಲಿ 3060 ಓಡುವಾಗ ಫ್ಯಾನಿನ ಸದ್ದು ಹೆಡ್‌ಫೋನ್ ದಾಟಿ ಕೇಳುತ್ತಿತ್ತು. ಕ್ಯಾಬಿನೆಟ್ ಹಿಂದೆ ಕೈ ಇಟ್ಟರೆ ಒಲೆ ಮುಂದೆ ಇಟ್ಟ ಹಾಗೆ. 4060 ಹಾಕಿದಾಗ ಅದೇ ಹೊತ್ತಿಗೆ, ಅದೇ ಗೇಮ್‌ಗೆ, ಫ್ಯಾನು ನಿಧಾನ. 55 ವ್ಯಾಟ್ ಕಡಿಮೆ ಅನ್ನೋದು ಕಾಗದದ ಮೇಲೆ ಸಣ್ಣದು. ಆ ರೂಮಿನಲ್ಲಿ ಕೂತವನಿಗೆ ಸಣ್ಣದಲ್ಲ. ವಾಟರ್ ಕೂಲರ್ ಇದ್ದರೆ ಅದರ ಗಾಳಿಯನ್ನು ನೇರವಾಗಿ ಕ್ಯಾಬಿನೆಟ್‌ಗೆ ತಿರುಗಿಸಬೇಡಿ, ತೇವದ ಜತೆ ಧೂಳು ಸೇರಿ ಕಾರ್ಡಿನ ಬಿಸಿ ಹೊರಬಿಡುವ ಫಿನ್ನುಗಳಲ್ಲಿ ಕೆಸರಾಗಿ ಕೂರುತ್ತದೆ. ಬಿಚ್ಚಿ ತೆಗೆದ ಕಾರ್ಡುಗಳಲ್ಲಿ ಇದನ್ನು ಬಹಳ ನೋಡಿದ್ದೇನೆ.

ಕರೆಂಟಿನ ಲೆಕ್ಕವೂ ಇದೆ. ಮಾಮೂಲಿ 600 ವಿಎ ಯುಪಿಎಸ್ ಕೊಡೋದು ಸುಮಾರು 360 ವ್ಯಾಟ್. 3060, ಪ್ರೊಸೆಸರ್, ಮಾನಿಟರ್, ಎಸ್‌ಎಂಪಿಎಸ್‌ನಲ್ಲಿ ಸೋರುವ ಪಾಲು ಎಲ್ಲ ಸೇರಿಸಿದರೆ ಅಲ್ಲಿಗೇ ಬಂದು ಮುಟ್ಟುತ್ತದೆ. ಆಟದ ನಡುವೆ ಕರೆಂಟ್ ಹೋದರೆ ಯುಪಿಎಸ್ ಕೂಗಿಕೊಂಡು ಆಫ್ ಆಗುತ್ತದೆ. 4060 ಇದ್ದರೆ ಸೇವ್ ಮಾಡಿ ಶಟ್‌ಡೌನ್ ಮಾಡುವಷ್ಟು ಹೊತ್ತು ಸಿಗುತ್ತದೆ. ದಿನಕ್ಕೆ ನಾಲ್ಕು ತಾಸು ಆಡಿದರೆ ಆ 55 ವ್ಯಾಟ್ ವರ್ಷಕ್ಕೆ 80 ಯೂನಿಟ್ ಆಗುತ್ತದೆ. ದುಡ್ಡಿನಲ್ಲಿ ದೊಡ್ಡ ಮೊತ್ತವಲ್ಲ. ಆದರೆ ಗೃಹಜ್ಯೋತಿಯಲ್ಲಿ ತಿಂಗಳಿಗೆ 200 ಯೂನಿಟ್ ದಾಟಿದರೆ ಹೆಸ್ಕಾಂಗೆ ಪೂರ್ತಿ ಬಿಲ್ಲು ನಾವೇ ಕಟ್ಟಬೇಕು. ಮೇ ತಿಂಗಳಲ್ಲಿ ಫ್ರಿಜ್, ಕೂಲರ್, ಫ್ಯಾನ್ ಎಲ್ಲ ಹಗಲೂ ರಾತ್ರಿ ಓಡುವ ಮನೆಯಲ್ಲಿ ಗೇಮಿಂಗ್ ಮಷಿನ್ 30–35 ಯೂನಿಟ್ ಸೇರಿಸುತ್ತದೆ. ಗಡಿಯಲ್ಲಿರುವ ಮನೆಗಳಲ್ಲಿ ತಾಯಂದಿರು ಇದನ್ನು ಮೊದಲು ಕೇಳುತ್ತಾರೆ. ಕೇಳಬೇಕಾದ್ದೇ.

ಕಾಸಿಗೆ ತಕ್ಕ ಕಜ್ಜಾಯ ಯಾವುದು ಅಂತ ನೋಡಲು ಎಲ್ಲರೂ ಕಾರ್ಡಿನ ಬೆಲೆಯನ್ನು ಎಫ್‌ಪಿಎಸ್‌ನಿಂದ ಭಾಗಿಸುತ್ತಾರೆ. ನಾನೂ ಮಾಡುತ್ತೇನೆ, ಆದರೆ ಅಷ್ಟಕ್ಕೇ ನಿಲ್ಲಿಸುವುದಿಲ್ಲ. ಲೆಕ್ಕಕ್ಕೆ ಸುಲಭವಾಗಲಿ ಅಂತ ದುಂಡು ಅಂಕಿ ಇಟ್ಟುಕೊಳ್ಳೋಣ. ಒಂದು ಕಾರ್ಡ್ 20,000 ರೂಪಾಯಿ, 80 ಫ್ರೇಮ್. ಇನ್ನೊಂದು 27,000, 100 ಫ್ರೇಮ್. ಮೊದಲನೆಯದಕ್ಕೆ ಫ್ರೇಮಿಗೆ 250 ರೂಪಾಯಿ, ಎರಡನೆಯದಕ್ಕೆ 270. ಅಗ್ಗದ್ದೇ ಲಾಭ ಅನ್ನಿಸುತ್ತದೆ ಅಲ್ವಾ? ಈಗ ಹೊಸ ಮಷಿನ್ ಪೂರ್ತಿ ಕಟ್ಟುವವರ ಲೆಕ್ಕ ಹಾಕಿ. ಉಳಿದ ಸಾಮಾನಿಗೆ 40,000 ಅಂದುಕೊಂಡರೆ ಮೊದಲನೆಯದು 60,000ಕ್ಕೆ 80 ಫ್ರೇಮ್, ಅಂದರೆ 750 ರೂಪಾಯಿ. ಎರಡನೆಯದು 67,000ಕ್ಕೆ 100, ಅಂದರೆ 670. ಲಾಭ ಆ ಕಡೆಯಿಂದ ಈ ಕಡೆ ಬಂತು. ಹಳೆ ಕಾರ್ಡ್ ಬದಲಿಸುವವರಿಗೆ ಮೂರನೇ ಲೆಕ್ಕ. ಈಗಲೇ 45 ಬರುತ್ತಿದ್ದರೆ ಕೊಡುವ ದುಡ್ಡಿಗೆ ಹೆಚ್ಚುವರಿ ಸಿಗೋದು 35 ಇಲ್ಲವೇ 55 ಮಾತ್ರ. ಭಾಗಿಸಿದರೆ 571 ಮತ್ತು 491. ಇಲ್ಲಿಯೂ ದುಬಾರಿಯದೇ ಮೇಲು. ಮಾನಿಟರ್ 60 ಹರ್ಟ್ಸ್ ಇದ್ದರೆ ಈ ಮೂರು ಲೆಕ್ಕವನ್ನೂ ಬಿಡಿ, 60ರ ಮೇಲಿನ ಫ್ರೇಮು ತೆರೆಗೆ ಪೂರ್ತಿ ಬರುವುದೇ ಇಲ್ಲ. ಅಂಥವರು ಅಗ್ಗದ ಕಾರ್ಡ್ ತಗೊಂಡು ಉಳಿದ ದುಡ್ಡನ್ನು ಮಾನಿಟರ್‌ಗೆ ಹಾಕಲಿ. ಇನ್ನೊಂದು ಮಾತು, ಭಾಗಿಸುವಾಗ ಸರಾಸರಿ ಬದಲು 1 ಪರ್ಸೆಂಟ್ ಲೋ ಇಟ್ಟು ಭಾಗಿಸಿ ನೋಡಿ. ಎಷ್ಟೋ ಸಲ ಸಾಲು ತಲೆಕೆಳಗಾಗುತ್ತದೆ.

ಕೊನೆಗೆ ಹಾಕಿದ್ದು 4060. ವ್ಯಾಟ್ ಮತ್ತು ಶೆಕೆ ಇಲ್ಲಿ ತೀರ್ಮಾನ ಮಾಡಿದವು. 3ಡಿ ಚಿತ್ರ ಮಾಡಲು ಬ್ಲೆಂಡರ್ ಬಳಸುವವನೋ ದೊಡ್ಡ ವಿಡಿಯೊ ಎಡಿಟ್ ಮಾಡುವವನೋ ಆಗಿದ್ದರೆ 3060ಯನ್ನೇ ಹಾಕುತ್ತಿದ್ದೆ, ಅಲ್ಲಿ 12 ಜಿಬಿಗೆ ಬೆಲೆ ಇದೆ. ಹಾಗೆ ಹಾಕಿದವರಿಗೆ ಬೇಸಿಗೆಯಲ್ಲಿ ಆಫ್ಟರ್‌ಬರ್ನರ್‌ನಲ್ಲಿ ಪವರ್ ಲಿಮಿಟ್ ಶೇ. 80ಕ್ಕೆ ಇಳಿಸಿಕೊಡುತ್ತೇನೆ. 170ರ ಕಾರ್ಡ್ 136 ವ್ಯಾಟ್‌ಗೆ ಬರುತ್ತದೆ, ವೇಗ ಹೋಗುವುದು ಸ್ವಲ್ಪವೇ.

ಸೆಕೆಂಡ್ ಹ್ಯಾಂಡ್ ಕೇಳುವವರಿಗೆ ಎರಡು ಮಾತು. 2022ರ ಸೆಪ್ಟೆಂಬರ್‌ನಲ್ಲಿ ಇಥೀರಿಯಂ ಮೈನಿಂಗ್ (ಕಾರ್ಡ್ ಓಡಿಸಿ ಕ್ರಿಪ್ಟೊ ನಾಣ್ಯ ಗಳಿಸುವುದು) ನಿಂತ ಮೇಲೆ ಅದಕ್ಕೆ ದುಡಿದ ಕಾರ್ಡುಗಳು ಮಾರ್ಕೆಟ್‌ಗೆ ಬಹಳ ಬಂದವು. ದುಡಿದದ್ದೇ ದೋಷವಲ್ಲ. ಫ್ಯಾನ್ ಬೇರಿಂಗ್ ಮತ್ತು ಥರ್ಮಲ್ ಪೇಸ್ಟ್ ನೋಡಿ, ಕಣ್ಣೆದುರು ಕಾಲು ತಾಸು ಲೋಡ್ ಹಾಕಿಸಿ. ಜಿಪಿಯು-ಝಡ್ ಅನ್ನೋ ಸಾಫ್ಟ್‌ವೇರ್ ತೆರೆದು ಶೇಡರ್ ಎಣಿಕೆ (ಕಾರ್ಡಿನೊಳಗೆ ಲೆಕ್ಕ ಮಾಡುವ ಘಟಕಗಳ ಸಂಖ್ಯೆ) ನೋಡಿ. ಆರ್‌ಎಕ್ಸ್ 580 ಅಂತ ಮಾರುವ ಎಷ್ಟೋ ಕಾರ್ಡುಗಳಲ್ಲಿ 2304ರ ಬದಲು 2048 ಇರುತ್ತದೆ. ವಾರಂಟಿ ಬಿಲ್ ಮೇಲೋ ಸೀರಿಯಲ್ ನಂಬರ್ ಮೇಲೋ, ಕೆಟ್ಟರೆ ಯಾವ ಊರಿಗೆ ಕಳಿಸಬೇಕು ಅನ್ನೋದನ್ನೂ ಕೇಳಿಕೊಳ್ಳಿ.

ಈಗ ಬರುವವರ ಚಾರ್ಟ್‌ನಲ್ಲಿ ಬೇರೆ ಹೆಸರುಗಳಿವೆ. ಇಂಟೆಲ್‌ನ ಆರ್ಕ್ ಬಿ580ಗೆ 12 ಜಿಬಿ ಇದೆ, ಬೆಲೆಗೆ ಒಳ್ಳೆಯ ಕಾರ್ಡ್. ಆದರೆ ಬೋರ್ಡಿನ ಮೂಲ ಸೆಟ್ಟಿಂಗ್ ಆದ ಬಯಾಸ್‌ನಲ್ಲಿ ರಿಸೈಝಬಲ್ ಬಾರ್ (ಪ್ರೊಸೆಸರ್ ಕಾರ್ಡಿನ ಪೂರ್ತಿ ಮೆಮೊರಿಯನ್ನು ಒಟ್ಟಿಗೆ ಮುಟ್ಟಲು ಬಿಡುವ ಸೌಲಭ್ಯ) ಆನ್ ಆಗಲೇಬೇಕು, ಹಳೆ ಪ್ರೊಸೆಸರ್ ಜತೆ ಹಿಂದೆ ಬೀಳುತ್ತದೆ. 2025ರಲ್ಲಿ ಬಂದ ಆರ್‌ಟಿಎಕ್ಸ್ 5060 ಮತ್ತೆ 8 ಜಿಬಿ, ಮತ್ತೆ ಎಂಟೇ ಲೇನು. ಬಿ450 ಇರುವವರಿಗೆ ಅದೇ ಇಕ್ಕಟ್ಟಿನ ದಾರಿ ಕಾದಿದೆ. ಅಂಥವರಿಗೆ ನಾನು ಹೇಳೋದು ಆರ್‌ಎಕ್ಸ್ 9060 ಎಕ್ಸ್‌ಟಿ, 16 ಜಿಬಿಯದು. ಹದಿನಾರು ಲೇನ್ ಇದೆ, 160 ವ್ಯಾಟ್. ಇದೇ ಹೆಸರಿನಲ್ಲಿ 8 ಜಿಬಿಯದೂ ಬರುತ್ತದೆ. ಹಾಗಾಗಿ ದುಡ್ಡು ಕೊಡುವ ಮುಂಚೆ ಪೆಟ್ಟಿಗೆ ಮೇಲೆ 16 ಅಂತ ಇದೆಯಾ ನೋಡಿ, ಬಿಲ್ಲಿನಲ್ಲೂ ಹಾಗೇ ಬರೆಸಿಕೊಳ್ಳಿ.