ಸಾಹೇಬ್ರು ಬದಲಾದ ದಿನ ನಾನು ಏನೇನು ಮಾಡ್ತಿದ್ದೆ

ಐಪಿಎಸ್ ಟ್ರಾನ್ಸ್‌ಫರ್ ಆರ್ಡರ್ ಬರೋದು ಹೆಚ್ಚಾಗಿ ರಾತ್ರಿನೇ. ಊಟಕ್ಕೆ ಕೂತಿರ್ತೀವಿ, ವಾಟ್ಸಾಪಲ್ಲಿ ಡಿಪಿಎಆರ್ (ಸಿಬ್ಬಂದಿ ಮತ್ತು ಆಡಳಿತ ಸುಧಾರಣೆ ಇಲಾಖೆ) ನೋಟಿಫಿಕೇಶನ್ ಪಿಡಿಎಫ್ ಬಂದು ಬೀಳುತ್ತೆ, ನಾನು ಕನ್ನಡಕ ಹುಡುಕೋ ಅಷ್ಟರಲ್ಲಿ ನಮ್ಮ ದಲಾಯತ್ರು ಫೋನ್ ಮಾಡಿ "ಮೇಡಂ, ನಮ್ ಸಾಹೇಬ್ರು ಹೊಂಟ್ರಂತೆ" ಅಂದಿರ್ತಾರೆ. ಪಿಡಿಎಫ್ ತೆಗೆದು ನಾನು ಮೊದ್ಲು ಹುಡುಕೋದು "ವೈಸ್" ಅನ್ನೋ ಪದ. ವೈಸ್ ಆದ್ಮೇಲೆ ನಮ್ಮವರ ಹೆಸರಿದ್ರೆ ಅವರ ಜಾಗಕ್ಕೆ ಇನ್ಯಾರೋ ಗೊತ್ತಾಗಿದಾರೆ, ನಾಳೆನೋ ನಾಡಿದ್ದೋ ಬರ್ತಾರೆ. ಇಲ್ಲಾಂದ್ರೆ ಪ್ರಭಾರ. ಪ್ರಭಾರ ಅಂದ್ರೆ ಇನ್ನೊಂದು ಆಫೀಸಿನ ದೊಡ್ಡವರಿಗೆ ನಮ್ಮದನ್ನೂ ತಗಲಾಕ್ತಾರೆ, ಅವರು ವಾರಕ್ಕೆ ಎರಡು ಸಲ ಬಂದ್ರೆ ನಮ್ಮ ಪುಣ್ಯ, ಫೈಲು ಗುಡ್ಡೆ ಬೀಳುತ್ತೆ.

ನಾನು 1990ರಲ್ಲಿ ಟೈಪಿಸ್ಟ್ ಆಗಿ ಸೇರಿದೋಳು, ಆಮೇಲೆ ಕನ್ನಡ ಶಾರ್ಟ್‌ಹ್ಯಾಂಡ್ ಸೀನಿಯರ್ ಪಾಸ್ ಮಾಡ್ಕೊಂಡು ಸ್ಟೆನೋ ಆಗಿ, ಕೊನೇ 17 ವರ್ಷ ಇಲಾಖೆ ಮುಖ್ಯಸ್ಥರ ಚೇಂಬರಲ್ಲೇ ಪಿಎ. ಹೋದ ವರ್ಷ ರಿಟೈರ್ ಆದೆ. ಯಾವ ಇಲಾಖೆ ಅಂತ ಹೇಳಲ್ಲ. ನೃಪತುಂಗ ರಸ್ತೆಲಿ ಪೊಲೀಸ್ ಹೆಡ್ಡಾಫೀಸು, ಕಾರ್ಲ್‌ಟನ್ ಹೌಸಲ್ಲಿ ಸಿಐಡಿ, ಶೇಷಾದ್ರಿ ರಸ್ತೆಲಿ ಬಂದೀಖಾನೆ, ಮಡಿವಾಳದಲ್ಲಿ ಎಫ್‌ಎಸ್‌ಎಲ್ ಅನ್ನೋ ವಿಧಿವಿಜ್ಞಾನ ಪ್ರಯೋಗಾಲಯ, ಹಿಂಗೆ ಕೋರ್ಟು ಕೇಸು ಆರೋಪಿ ಸಾಕ್ಷಿ ಅಂತ ಓಡಾಡೋ ಇಲಾಖೆಗಳು ಬೆಂಗಳೂರಲ್ಲಿ ಎಷ್ಟೋ ಇವೆ, ಅದ್ರಲ್ಲಿ ಯಾವುದೋ ಒಂದು ಅಂದ್ಕೊಳ್ಳಿ. 17 ವರ್ಷದಲ್ಲಿ 13 ಜನ ಸಾಹೇಬ್ರನ್ನ ನೋಡಿದೆ. ಅದ್ರಲ್ಲಿ ಇಬ್ಬರು ಮೇಡಂಗಳು.

ಚೇಂಬರಲ್ಲಿ ಗೋಡೆ ಮೇಲೆ ಒಂದು ತೇಗದ ಬೋರ್ಡ್ ಇತ್ತು, ಹೆಸರು, ಇಂದ, ವರೆಗೆ ಅಂತ ಮೂರು ಕಾಲಂ, ಹಳದಿ ಪೇಂಟಲ್ಲಿ ಬರೆದಿದ್ದು. ಮೇಲಿನ ಸಾಲುಗಳು ನೋಡಿದ್ರೆ ಒಬ್ಬೊಬ್ರು ಮೂರು ವರ್ಷ, ನಾಲ್ಕು ವರ್ಷ ಇದ್ದಾರೆ, ಕೆಳಗೆ ಬರ್ತಾ ಬರ್ತಾ ಏಳು ತಿಂಗಳು, ಐದು ತಿಂಗಳು, ಒಬ್ಬರಂತೂ 19 ದಿನ. ಬಳೇಪೇಟೆಯಿಂದ ಬರ್ತಿದ್ದ ಪೇಂಟರು "ಅಮ್ಮಾ, ಅಕ್ಷರ ಸಣ್ಣ ಮಾಡ್ಲಾ, ಜಾಗ ಸಾಲಲ್ಲ" ಅಂದ್ರು, ಅವರು ತಮಾಷೆಗೆ ಹೇಳಿದ್ದಲ್ಲ. 2006ರ ಸೆಪ್ಟೆಂಬರ್ 22ರಂದು ಪ್ರಕಾಶ್ ಸಿಂಗ್ ಕೇಸಲ್ಲಿ ಸುಪ್ರೀಂ ಕೋರ್ಟು ರಾಜ್ಯದ ಪೊಲೀಸ್ ಮುಖ್ಯಸ್ಥರಿಗೆ ಕನಿಷ್ಠ 2 ವರ್ಷ ಅವಧಿ ಕೊಡಿ, ಯುಪಿಎಸ್‌ಸಿ ಪಟ್ಟಿ ಮಾಡಿದ ಮೂರು ಹಿರಿಯರಲ್ಲಿ ಒಬ್ಬರನ್ನ ಆರಿಸಿ ಅಂತ ಹೇಳ್ತಲ್ಲ, ಆ ಭಾಗ್ಯ ಡಿಜಿ ಅಂಡ್ ಐಜಿಪಿ, ಅಂದ್ರೆ ಆ ಪೊಲೀಸ್ ಮುಖ್ಯಸ್ಥರ ಕುರ್ಚಿಗೆ. ನಮ್ಮಂಥ ಪಕ್ಕದ ಇಲಾಖೆ ಮುಖ್ಯಸ್ಥರಿಗೆ ಅದು ಅನ್ವಯ ಆಗಲ್ಲ, ಅವರು ಬಂದ ದಿನದಿಂದ್ಲೇ ಮುಂದಿನ ಲಿಸ್ಟ್ ಕಾಯ್ತಿರ್ತಾರೆ. ಕೆಲವರು ಮನೆ ಸಾಮಾನು ಡಬ್ಬದಿಂದ ಬಿಚ್ಚೋದೇ ಇಲ್ಲ ಅಂತ ಅವರ ಡ್ರೈವರ್ ಹೇಳ್ತಿದ್ರು.

ಈಗ ನಾನು ಮಾಡಿದ ತಪ್ಪು ಹೇಳ್ತೀನಿ, ಯಾಕಂದ್ರೆ ನನ್ನ ಲಾಂಗ್ ಬುಕ್ಕಿನ ಕಥೆ ಶುರುವಾಗೋದು ಅಲ್ಲಿಂದ. ಹೈಕೋರ್ಟಲ್ಲಿ ಒಂದು ರಿಟ್ ಇತ್ತು, ನಮ್ಮ ಕಡೆಯಿಂದ ಅಫಿಡವಿಟ್ ಹಾಕ್ಬೇಕು, ಮುಖ್ಯಸ್ಥರ ಹೆಸರಲ್ಲೇ. ಡ್ರಾಫ್ಟ್ ಸರ್ಕಾರಿ ವಕೀಲರಿಂದ ಬಂದು ಹಳೇ ಸಾಹೇಬ್ರು ತಿದ್ದಿ ಓಕೆ ಮಾಡಿದ್ರು, ಸಹಿ ಆಗೋ ಮುಂಚೆ ಟ್ರಾನ್ಸ್‌ಫರ್ ಆಗೋಯ್ತು. ಮಾರನೇ ದಿನ ಹೊಸಬ್ರು ಬಂದು ಸಿಟಿಸಿಗೆ, ಅಂದ್ರೆ ಅಧಿಕಾರ ಹಸ್ತಾಂತರದ ಪತ್ರಕ್ಕೆ, ಸಹಿ ಹಾಕಿ ಅಧಿಕಾರ ವಹಿಸ್ಕೊಂಡ್ರು, ಹೂಗುಚ್ಛ, ಫೋಟೋ, ಎಲ್ಲಾ ಶಾಖೆಯವರು ಬಂದು ನಮಸ್ಕಾರ, ಆ ಗಲಾಟೆ ಮಧ್ಯೆ ನಾನು ಅಫಿಡವಿಟ್ ಪ್ರಿಂಟ್ ತೆಗೆದೆ. ಕೊನೇ ಪುಟದಲ್ಲಿ ಸಹಿ ಕೆಳಗಿನ ಹೆಸರು ಬದಲಾಯಿಸಿದ್ದೆ. ಮೊದಲನೇ ಪುಟದಲ್ಲಿ, ನಾನು ಇಂಥವರು, ಇಷ್ಟು ವಯಸ್ಸು, ಇಂಥ ಹುದ್ದೆಯಲ್ಲಿ ಇರುವವನು, ಪ್ರಮಾಣ ಮಾಡಿ ಹೇಳೋದೇನಂದ್ರೆ ಅಂತ ಇಂಗ್ಲಿಷಲ್ಲಿ ಬರೋ ಜಾಗ ಇದೆಯಲ್ಲ, ಅಲ್ಲಿ ಹಳಬರ ಹೆಸರು ಹಂಗೇ ಉಳೀತು. ಹೊಸ ಸಾಹೇಬ್ರು "ಚೆಕ್ ಮಾಡಿದೀರಾ ಅಮ್ಮಾ?" ಅಂದ್ರು. ನಾನು "ಮಾಡಿದೀನಿ ಸರ್" ಅಂದೆ. ಸಹಿ ಹಾಕಿಬಿಟ್ರು.

ಸರ್ಕಾರಿ ವಕೀಲರು ಹೈಕೋರ್ಟ್ ಕಾರಿಡಾರಲ್ಲೇ ಹಿಡಿದ್ರು ಪುಣ್ಯಕ್ಕೆ, ಇನ್ನೂ ಫೈಲ್ ಆಗಿರಲಿಲ್ಲ. ಫೋನ್ ಬಂತು, ನನ್ನ ಕೈ ತಣ್ಣಗಾಯ್ತು. ಸಾಹೇಬ್ರ ಮುಂದೆ ಹೋಗಿ ನಿಂತು "ಸರ್, ನನ್ನ ತಪ್ಪು, ನಾನು ಪೂರ್ತಿ ಓದಿರಲಿಲ್ಲ" ಅಂದೆ. ಬೈಲಿಲ್ಲ ಅವರು. "ಹೊಸದು ತನ್ನಿ, ನಾನೂ ಓದ್ಬೇಕಿತ್ತು" ಅಂದ್ರು ಅಷ್ಟೇ. ಮತ್ತೆ ಪ್ರಿಂಟು, ಮತ್ತೆ ಪುಟ ಪುಟಕ್ಕೂ ಸಹಿ, ಮತ್ತೆ ಪ್ರಮಾಣ ಮಾಡಿಸೋದು, ದಲಾಯತ್ರು ವಿಧಾನಸೌಧದ ಎದುರು ರಸ್ತೆ ದಾಟಿ ಓಡಿದ್ದು, ಸಂಜೆ ನಾಲ್ಕೂವರೆಗೆ ಫೈಲ್ ಆಯ್ತು. ಅವತ್ತು ರಾತ್ರಿ ರಾಜಾಜಿನಗರದ ಮೆಟ್ರೋ ಇಳಿದು ಮನೆಗೆ ನಡ್ಕೊಂಡು ಹೋಗ್ತಾ ಸ್ಟೇಷನರಿ ಅಂಗಡಿಲಿ ಒಂದು 200 ಪುಟದ ಲಾಂಗ್ ಬುಕ್ ತಗೊಂಡೆ.

ಅದ್ರಲ್ಲಿ ಮೊದಲ ಪುಟದಲ್ಲಿ ಬರೆದಿದ್ದು ಹೆಸರು ಎಲ್ಲೆಲ್ಲಿದೆ ಅನ್ನೋದು. ಮುಖ್ಯಸ್ಥರ ಹೆಸರು ಒಂದು ಆಫೀಸಲ್ಲಿ ಎಷ್ಟು ಕಡೆ ಅಂಟ್ಕೊಂಡಿರುತ್ತೆ ಅಂತ ಅವತ್ತಿನವರೆಗೂ ನಾನೇ ಎಣಿಸಿರಲಿಲ್ಲ ನೋಡಿ. ಬಾಗಿಲ ಬೋರ್ಡು, ರಬ್ಬರ್ ಸ್ಟಾಂಪು, ಅರೆ ಸರ್ಕಾರಿ ಪತ್ರದ ಲೆಟರ್‌ಹೆಡ್ಡು, ಇ-ಆಫೀಸ್ (ಕಂಪ್ಯೂಟರಲ್ಲೇ ಕಡತ ಓಡಾಡೋ ವ್ಯವಸ್ಥೆ) ಲಾಗಿನ್ನು, ಡಿಜಿಟಲ್ ಸಹಿಯ ಡಾಂಗಲ್ಲು, ಕೋರ್ಟಲ್ಲಿರೋ ಪ್ರತಿ ಕೇಸಿನ ಡ್ರಾಫ್ಟು, ಸಹಿಗೆ ಇಟ್ಟಿರೋ ಪ್ಯಾಡು, ಗುಪ್ತ ಕವರ್‌ಗಳ ರಿಜಿಸ್ಟರು. ಇ-ಆಫೀಸ್ ಬಂದ್ಮೇಲೆ ಹೊಸ ತಲೆನೋವು, ಹಳಬರ ಇನ್‌ಬಾಕ್ಸಲ್ಲಿ ನಿಂತಿರೋ ಕಡತಗಳನ್ನ ಅವರು ರಿಲೀವ್ ಆಗೋ ಮುಂಚೆ ವಾಪಸ್ ಕೆಳಗೆ ಕಳಿಸಿಸ್ಕೊಳ್ಳದಿದ್ರೆ ಆಮೇಲೆ ಐಟಿಯವರ ಹಿಂದೆ ಅಲೀಬೇಕು. ಅದಕ್ಕೇ ಆರ್ಡರ್ ಬಂದ ರಾತ್ರಿನೇ ಹಳೇ ಸಾಹೇಬ್ರಿಗೆ ಮೆಸೇಜ್ ಹಾಕ್ತಿದ್ದೆ, "ಸರ್, ಅಭಿನಂದನೆಗಳು, ನಾಳೆ 9.30ಕ್ಕೆ ಬಂದು ಪೆಂಡಿಂಗ್ ಕಡತ ಕೆಳಗೆ ಕಳಿಸ್ಬೇಕು" ಅಂತ. ಅಭಿನಂದನೆ ಅಂತ ಹಾಕೋದು ಅಭ್ಯಾಸಬಲ, ಕೆಲವ್ರಿಗೆ ಅದು ಡಂಪಿಂಗ್ ಪೋಸ್ಟಿಂಗ್ ಆಗಿರುತ್ತೆ, ಪಾಪ.

ಎರಡನೇ ಪುಟ ಹೊಸಬರಿಗೆ. ಮೊದಲ ದಿನ ಅವರ ಕೈಗೆ ಮೂವತ್ತು ಪುಟದ ಇಲಾಖಾ ಪರಿಚಯ ಕೊಡ್ತಿದ್ರು ಆಡಳಿತ ಶಾಖೆಯವರು, ಯಾರೂ ಓದಿದ್ದು ನಾನು ನೋಡಿಲ್ಲ. ನಾನು ಕೊಡ್ತಿದ್ದುದು ಒಂದೇ ಹಾಳೆ. ಈ ವಾರ ಕೋರ್ಟಲ್ಲಿ ಖುದ್ದು ಹಾಜರಾಗ್ಬೇಕಾ, ಅಧಿವೇಶನ ಇದ್ರೆ ಯಾವ ಚುಕ್ಕೆ ಗುರುತಿನ ಪ್ರಶ್ನೆಗೆ (ಸದನದಲ್ಲಿ ಮಂತ್ರಿಗಳು ಬಾಯಲ್ಲೇ ಉತ್ತರ ಹೇಳ್ಬೇಕಾದ್ದು) ಉತ್ತರ ಇನ್ನೂ ಒಳಾಡಳಿತ ಇಲಾಖೆಗೆ ಹೋಗಿಲ್ಲ, ಯಾರ ನಿವೃತ್ತಿ ಪಿಂಚಣಿ ಕಡತ ಸಹಿಗೆ ನಿಂತಿದೆ, ಯಾವ ಡಿಐಜಿ ಅಥವಾ ಡೆಪ್ಯುಟಿ ಡೈರೆಕ್ಟರು ಯಾವ ವಿಷಯ ನೋಡ್ತಾರೆ, ಅಷ್ಟೇ. ಯಾರು ಒಳ್ಳೇವ್ರು ಯಾರು ಕೆಟ್ಟೋರು ಅಂತ ಒಂದಕ್ಷರ ಬರೀತಿರಲಿಲ್ಲ. ಕೇಳ್ತಿದ್ರು ಕೆಲವ್ರು, ಬಾಗಿಲು ಹಾಕ್ಕೊಂಡು "ಇಲ್ಲಿ ಯಾರನ್ನ ನಂಬ್ಬಹುದು" ಅಂತ. "ಸರ್, ಒಂದು ತಿಂಗಳು ಫೈಲ್ ನೋಡಿ, ನಿಮಗೇ ಗೊತ್ತಾಗುತ್ತೆ" ಅನ್ನೋದು ನನ್ನ ಖಾಯಂ ಉತ್ತರ.

ಕನ್ನಡದ ವಿಷಯ ಬಂದ್ರೆ ಒಬ್ಬ ಸಾಹೇಬ್ರು ನೆನಪಾಗ್ತಾರೆ. ಉತ್ತರ ಭಾರತದವರು, ಕನ್ನಡ ಪರೀಕ್ಷೆ ಪಾಸಾಗಿದ್ರು, ಮಾತೂ ಚೆನ್ನಾಗೇ ಆಡೋರು, ಆದ್ರೆ ಟಿಪ್ಪಣಿ ಹಾಳೆ ಕನ್ನಡ ಬೇರೆನೇ ಭಾಷೆ ಅಲ್ವಾ. ಬೆರಳಿಟ್ಟು ಒಂದೊಂದೇ ಅಕ್ಷರ ಓದೋರು, ಬೇಡ ಸರ್ ನಾನು ಓದ್ತೀನಿ ಅಂದ್ರೆ ಒಪ್ಪಲ್ಲ. ಒಂದಿನ ಕರೆದು ಕೇಳಿದ್ರು, "ಮೇಡಂ, ‘ಕಡತವನ್ನು ಮುಕ್ತಾಯಗೊಳಿಸಬಹುದು’ ಅಂತ ಬರೆದಿದಾರೆ, ಕೆಲಸ ಆಯ್ತು ಅಂತಾನಾ, ಆಗಲ್ಲ ಅಂತಾನಾ?" ನಾನು ನಕ್ಕುಬಿಟ್ಟೆ. ಎರಡೂ ಹೌದು ಸರ್ ಅಂದೆ. ಅವತ್ತಿಂದ ಅವರು ಆ ಸಾಲು ಕಂಡಾಗೆಲ್ಲ ಪಕ್ಕದಲ್ಲಿ ಹಸಿರು ಇಂಕಲ್ಲಿ "ಯಾಕೆ?" ಅಂತ ಬರೆದು ವಾಪಸ್ ಕಳಿಸೋಕೆ ಶುರು ಮಾಡಿದ್ರು. ಶಾಖೆಯವರು ನನ್ನನ್ನ ಬೈಕೊಂಡ್ರು.

ಮಾಹಿತಿ ಹಕ್ಕು ಕಾಯ್ದೆ 4(1)(ಬಿ) ಪ್ರಕಾರ ಪ್ರತಿ ಇಲಾಖೆನೂ ಅಧಿಕಾರಿಗಳ ಡೈರೆಕ್ಟರಿ, ಅವರ ಅಧಿಕಾರ, ಕರ್ತವ್ಯ, ತಿಂಗಳ ಸಂಬಳ ಎಲ್ಲಾ ತಾನಾಗೇ ಪ್ರಕಟಿಸಬೇಕು. ಅದೂ ನನ್ನ ತಲೆಗೇ ಬಂತು. ಹೆಸರು, ಫೋಟೋ ಬದಲಾಯಿಸೋದು ಸುಲಭ, ಯಾರು ಯಾವುದಕ್ಕೆ ಜವಾಬ್ದಾರಿ ಅಂತ ಬರೆಸೋದೇ ಕಷ್ಟ, ಪ್ರತಿ ಶಾಖೆನೂ ಇನ್ನೊಂದು ಶಾಖೆ ತೋರಿಸ್ತಿತ್ತು. ಕೊನೆಗೆ ನಾನು ಒಂದು ವಾರದ ತಪಾಲು ತೆಗೆದು ಯಾವ ಪತ್ರ ಯಾರ ಟೇಬಲ್ಲಿಗೆ ಹೋಗಿ ನಿಂತಿತು ಅಂತ ನೋಡಿ ಅದನ್ನೇ ಪಟ್ಟಿ ಮಾಡಿದೆ. ಜಗಳ ಆಯ್ತು, ಆದ್ರೆ ಯಾರೂ ಸುಳ್ಳು ಅನ್ನಲಿಲ್ಲ.

2024ರ ಜುಲೈ 1ಕ್ಕೆ ಹೊಸ ಕಾನೂನು ಬಂದಾಗ ಸಾಹೇಬ್ರ ಟೇಬಲ್ ಗಾಜಿನ ಕೆಳಗೆ ಒಂದು ಹಾಳೆ ಇಟ್ಟೆ, ಎಡಕ್ಕೆ ಹಳೇ ಕಲಂ ಬಲಕ್ಕೆ ಹೊಸದು, ಕೊಲೆಗೆ ಐಪಿಸಿ 302 ಇದ್ದದ್ದು ಬಿಎನ್‌ಎಸ್ (ಭಾರತೀಯ ನ್ಯಾಯ ಸಂಹಿತೆ) 103, ವಂಚನೆಗೆ 420 ಇದ್ದದ್ದು 318(4), ಹಿಂಗೆ. 30 ವರ್ಷ ಸರ್ವೀಸ್ ಆದವರೂ ಮೀಟಿಂಗಲ್ಲಿ ಮಾತಾಡ್ತಾ ಮೆಲ್ಲಗೆ ಗಾಜಿನ ಕಡೆ ಕಣ್ಣು ಹಾಕ್ತಿದ್ರು.

ಅದೇ ವರ್ಷ ಒಂದಿನ ಬೆಳಿಗ್ಗೆ ಹತ್ತಕ್ಕೇ ಒಬ್ಬ ತಾಯಿ ಬಂದು ಬೆಂಚ್ ಮೇಲೆ ಕೂತಿದ್ರು, ಕೈಲಿ ಪ್ಲಾಸ್ಟಿಕ್ ಕವರು, ಅದ್ರೊಳಗೆ ಕೇಸ್ ಪೇಪರು. ಮಗ ವಿಚಾರಣಾಧೀನ ಕೈದಿ. ದೊಡ್ಡ ಸಾಹೇಬ್ರನ್ನ ಕಂಡ್ರೆ ಬಿಡಿಸ್ತಾರೆ ಅಂತ ಊರಲ್ಲಿ ಯಾರೋ ಹೇಳಿದಾರೆ. ಸಾಹೇಬ್ರು ವಿಧಾನಸೌಧದಲ್ಲಿ ಮೀಟಿಂಗು, ಬಂದ್ರೂ ಅದು ಅವರ ಕೈಲಿರೋ ವಿಷಯ ಅಲ್ಲ, ಕೋರ್ಟಿಂದು. ಸಂಜೆವರೆಗೂ ಕೂರಿಸಿ ಆಮೇಲೆ ಇದು ನಮ್ಮದಲ್ಲ ಅನ್ನೋದು ನನಗೆ ಮನಸ್ಸು ಬರ್ಲಿಲ್ಲ. ಪೇಪರ್ ನೋಡಿದೆ, ಮೊದಲನೇ ಕೇಸು, ಗರಿಷ್ಠ ಶಿಕ್ಷೆ ಏಳು ವರ್ಷದ್ದು, ಎರಡೂವರೆ ವರ್ಷ ಒಳಗಿದ್ದಾನೆ. ಬಿಎನ್‌ಎಸ್‌ಎಸ್ (ಹಳೇ ಸಿಆರ್‌ಪಿಸಿ ಜಾಗಕ್ಕೆ ಬಂದ ಕಾಯ್ದೆ) 479ರಲ್ಲಿ ಮೊದಲ ಸಲದ ಆರೋಪಿ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಕಳೆದಿದ್ರೆ ಬಾಂಡ್ ಮೇಲೆ ಬಿಡ್ಬೇಕು, ಮರಣದಂಡನೆ, ಜೀವಾವಧಿ ಇರೋ ಕೇಸಿಗೆ, ಒಂದಕ್ಕಿಂತ ಹೆಚ್ಚು ಕೇಸಿದ್ರೆ ಇಲ್ಲ, ಮತ್ತೆ ಅವಧಿ ಮುಗಿದ ತಕ್ಷಣ ಕೋರ್ಟಿಗೆ ಅರ್ಜಿ ಬರೀಬೇಕಾದ್ದು ಜೈಲ್ ಸೂಪರಿಂಟೆಂಡೆಂಟ್ ಅಂತಾನೇ ಇದೆ. ನಾನು ವಕೀಲೆ ಅಲ್ಲ, ಬಿಡಿಸ್ತಾರೆ ಅಂತ ಹೇಳೋ ಹಾಗಿಲ್ಲ. ಒಂದು ಚೀಟಿಲಿ 479 ಅಂತ ದೊಡ್ಡದಾಗಿ ಬರೆದು, ಕೆಳಗೆ ನ್ಯಾಯ ದೇಗುಲ, ಎಚ್. ಸಿದ್ದಯ್ಯ ರಸ್ತೆ, ಫೋನ್ 15100 ಅಂತ ಬರೆದು ಕೊಟ್ಟು, "ಅಮ್ಮಾ, ಇಲ್ಲಿ ಉಚಿತ ಕಾನೂನು ನೆರವು ಕೊಡ್ತಾರೆ, ಈ 479 ನಂಬರ್ ತೋರಿಸಿ" ಅಂದೆ. ದಲಾಯತ್ರು ಕೆಳಗೆ ಹೋಗಿ ಆಟೋ ಮಾಡಿಕೊಟ್ಟು ಬಂದ್ರು. ಆಮೇಲೆ ಏನಾಯ್ತೋ, ಆಕೆ ಮತ್ತೆ ಬರ್ಲಿಲ್ಲ. ಸಾಹೇಬ್ರು ವಾಪಸ್ ಬಂದಾಗ ವಿಸಿಟರ್ ಪುಸ್ತಕದಲ್ಲಿ ಆ ಸಾಲು ನೋಡಿ ಕೇಳಿದ್ರು, ಹೇಳಿದೆ. "ಪ್ರತಿ ಸೋಮವಾರ ಇಂಥವರದ್ದೊಂದು ಪಟ್ಟಿ ನನಗೆ ಕೊಡಿ" ಅಂದ್ರು. ಮೂರು ಸೋಮವಾರ ಕೊಟ್ಟೆ. ನಾಲ್ಕನೇ ವಾರಕ್ಕೆ ಅವರಿಗೆ ಟ್ರಾನ್ಸ್‌ಫರ್. ಮುಂದಿನವರ ಒಂದು ಹಾಳೆಯಲ್ಲಿ "ಸೋಮವಾರದ ಪಟ್ಟಿ" ಅಂತ ಸೇರಿಸಿದೆ, ಅವರು ಮುಂದುವರಿಸಿದ್ರು, ಅದಕ್ಕೆ ಅವರಿಗೆ ಋಣಿ.

ನಾನು ರಿಟೈರ್ ಆಗೋ ದಿನ ನನ್ನ ಜಾಗಕ್ಕೆ ಬಂದ ಹುಡುಗಿಗೆ ಲಾಂಗ್ ಬುಕ್ ಕೊಟ್ಟೆ. ಚುರುಕು ಹುಡುಗಿ, ಅರ್ಧ ಗಂಟೆಲಿ ಎಲ್ಲಾ ಪುಟ ಫೋನಲ್ಲಿ ಸ್ಕ್ಯಾನ್ ಮಾಡ್ಕೊಂಡು "ಇದು ನಿಮ್ಮ ನೆನಪಿಗೆ ನಿಮ್ಮ ಹತ್ರನೇ ಇರ್ಲಿ ಮೇಡಂ" ಅಂತ ವಾಪಸ್ ಕೊಟ್ಲು. ಕೊನೇಲಿ ಮೂವತ್ತು ನಲವತ್ತು ಪುಟ ಖಾಲಿ ಇತ್ತು, ಈಗ ನಮ್ಮ ಸೊಸೆ ಅದ್ರಲ್ಲಿ ಹಾಲಿನ ಲೆಕ್ಕ ಬರೀತಾಳೆ.