ಟ್ರಯಲ್ ಮೇಲೆ ಟೀಕೆ ಬಂದಾಗ ಉತ್ತರ ಬರೆಯುವ ಬಗೆ

ನಿಮ್ಮ ಕ್ಲಿನಿಕಲ್ ಟ್ರಯಲ್ ಬಗ್ಗೆ ಜರ್ನಲ್‌ನಲ್ಲಿ ಟೀಕೆ ಪ್ರಕಟವಾದರೆ ಅವತ್ತೇ ಉತ್ತರಿಸಬೇಡಿ. ಪ್ರಿಂಟ್ ತೆಗೆದು, ಒಂದೊಂದು ಆಕ್ಷೇಪಕ್ಕೂ ನಂಬರ್ ಹಾಕಿ, ಪಕ್ಕದಲ್ಲಿ ಗುರುತು ಮಾಡಿ: ನಮ್ಮದೇ ತಪ್ಪು, ಅವರು ಓದಿಕೊಂಡದ್ದು ತಪ್ಪು, ಅಥವಾ ಬರೀ ಅಭಿಪ್ರಾಯಭೇದ. ನೆನಪಿನ ಮೇಲೆ ಗುರುತು ಹಾಕಬಾರದು. ಪ್ರೋಟೋಕಾಲ್ (ಟ್ರಯಲ್‌ಗೆ ಮೊದಲೇ ಬರೆದಿಟ್ಟ ಯೋಜನೆ), ಸಿಟಿಆರ್‌ಐ (ಭಾರತದ ಕ್ಲಿನಿಕಲ್ ಟ್ರಯಲ್‌ಗಳ ಸಾರ್ವಜನಿಕ ನೋಂದಣಿ ಪಟ್ಟಿ) ನೋಂದಣಿ, ಮೂಲ ಡೇಟಾ ಮೂರೂ ಎದುರಿಗಿರಲಿ. ನೋಂದಣಿಯಲ್ಲಿ ನೀವು ಮಾಡಿದ ಬದಲಾವಣೆ ಟೀಕಾಕಾರರಿಗೂ ಕಾಣುತ್ತದೆ.

ರಾಯಚೂರು, ಕೊಪ್ಪಳದ ಟ್ರಯಲ್‌ಗಳಿಗೆ ಕಠಿಣ ಪ್ರಶ್ನೆ ಗುಳೆಯದು. ರಕ್ತಹೀನತೆಯ ಟ್ರಯಲ್ ಅಂದುಕೊಳ್ಳಿ, ಎರಡು ಗುಂಪು, ತಲಾ 100 ಮಹಿಳೆಯರು. 12ನೇ ವಾರದ ಕೊನೆಯ ರಕ್ತಪರೀಕ್ಷೆಗೆ ಹೊಸ ಔಷಧದವರಲ್ಲಿ 18, ಹಳೆಯ ಔಷಧದವರಲ್ಲಿ 6 ಜನ ಸಿಗಲಿಲ್ಲ. ಸಿಕ್ಕವರಲ್ಲಿ 82ಕ್ಕೆ 60, 94ಕ್ಕೆ 47 ಗುಣ, ಅಂದರೆ ಶೇ 73 ಮತ್ತು ಶೇ 50. “ಇದು ಗುಳೆ ಹೋಗುವ ಸೀಮೆ” ಎಂದು ಬರೆದರೆ ಉತ್ತರವಾಗದು. ಗುಳೆ ಎರಡೂ ಗುಂಪಿಗೆ ಒಂದೇ, 18 ಮತ್ತು 6 ಯಾಕೆ? ಮಾತ್ರೆ ಒಗ್ಗದೆ ಬಿಟ್ಟವರೂ ಅದರಲ್ಲಿರಬಹುದು. ಆಶಾ ಕಾರ್ಯಕರ್ತೆಯರನ್ನು ಕೇಳಿ, ಫೋನ್ ಮಾಡಿ, ಒಬ್ಬೊಬ್ಬರ ಕಾರಣವನ್ನೂ ದಾಖಲಿಸಿ. ಆದರೆ ಯುಗಾದಿಗೆ ಊರಿಗೆ ಬಂದಾಗ ತೆಗೆದ ರಕ್ತ 12ನೇ ವಾರದ ಲೆಕ್ಕಕ್ಕೆ ಬಾರದು.

ಆಮೇಲೆ ನಿಮಗೆ ಅತಿ ಪ್ರತಿಕೂಲವಾದ ಲೆಕ್ಕ ಹಾಕಿ. ಸಿಗದ 18 ಜನಕ್ಕೂ ಗುಣವಾಗಿಲ್ಲ, ಆ 6 ಜನಕ್ಕೂ ಗುಣವಾಗಿದೆ ಎಂದು ಹಿಡಿದರೆ 60 ಮತ್ತು 53. ಅಂತರ 23ರಿಂದ 7ಕ್ಕೆ ಇಳಿಯಿತು. ಶೇ 95ರ ವಿಶ್ವಾಸ ವ್ಯಾಪ್ತಿ (ನಿಜವಾದ ಅಂತರ ಇರಬಹುದಾದ ಮಿತಿ) ಸುಮಾರು −7ರಿಂದ +21, ಸೊನ್ನೆ ಒಳಗೇ ಇದೆ, ಅಂದರೆ ಅಂತರವೇ ಇಲ್ಲದಿರಬಹುದು. ಇಷ್ಟಾದ ಮೇಲೆ “ಫಲಿತಾಂಶ ಗಟ್ಟಿಯಾಗಿದೆ” ಎನ್ನುವ ಹಾಗಿಲ್ಲ. ಇದು ಅತಿರೇಕದ ಊಹೆ ಎಂದು ಹೇಳಿ, ಆದರೆ ಅಂಕಿಯನ್ನು ಮುಚ್ಚಿಡಬೇಡಿ. ಟೀಕೆ ಬಂದ ಮೇಲೆ ಮಾಡಿದ ಲೆಕ್ಕ ಎಂಬುದನ್ನೂ ಬರೆಯಿರಿ.

ಶುರುವಿನಲ್ಲೇ ಗುಂಪುಗಳಲ್ಲಿ ವ್ಯತ್ಯಾಸವಿತ್ತು ಎನ್ನುವ ಟೀಕೆಗೆ ಪಿ-ಮೌಲ್ಯ (ಇಂಥ ವ್ಯತ್ಯಾಸ ಬರೀ ಆಕಸ್ಮಿಕವಾಗಿ ಬರುವ ಸಾಧ್ಯತೆ ಎಷ್ಟು ಎನ್ನುವ ಅಂಕಿ) ತೋರಿಸಿ ಪ್ರಯೋಜನವಿಲ್ಲ. ಯಾರು ಯಾವ ಗುಂಪಿಗೆ ಎಂಬ ಹಂಚಿಕೆಯ ಪಟ್ಟಿ ಯಾರು ಮಾಡಿದರು, ಅದನ್ನಿಟ್ಟ ಮುಚ್ಚಿದ ಲಕೋಟೆ ಯಾರ ಬಳಿ ಇತ್ತು, ಯಾವಾಗ ಒಡೆದರು ಎಂದು ತಿಳಿಸಿ.

ನಿಜವಾದ ತಪ್ಪು ಸಿಕ್ಕರೆ ಪತ್ರದಲ್ಲಿ ಒಪ್ಪಿಕೊಂಡರೆ ಸಾಲದು. ಸಂಪಾದಕರಿಗೆ ತಿದ್ದುಪಡಿ ಕಳಿಸಿ, ಎಥಿಕ್ಸ್ ಕಮಿಟಿಗೂ ತಿಳಿಸಿ. ಒಬ್ಬ ರೋಗಿಯ ಉದಾಹರಣೆ ಕೊಡುವಾಗ ಊರು, ವಯಸ್ಸು, ಹೆರಿಗೆಯ ತಿಂಗಳು ಮೂರನ್ನೂ ಒಟ್ಟಿಗೆ ಹಾಕಬೇಡಿ, ಸಣ್ಣ ಊರಿನಲ್ಲಿ ಅಷ್ಟಕ್ಕೇ ಗುರುತು ಸಿಗುತ್ತದೆ.

ಪದಮಿತಿ ಬಿಗಿಯಾಗಿರುತ್ತದೆ, ಹಾಗಾಗಿ ಧನ್ಯವಾದಕ್ಕೆ ಒಂದೇ ಸಾಲು. ಅತಿ ಬಲವಾದ ಆಕ್ಷೇಪವನ್ನೇ ಮೊದಲು ಎತ್ತಿಕೊಳ್ಳಿ. ಕಳಿಸುವ ಮುಂಚೆ, ಟ್ರಯಲ್‌ನಲ್ಲಿ ಇರದ ಸಂಖ್ಯಾಶಾಸ್ತ್ರಜ್ಞರೊಬ್ಬರಿಂದ ಪತ್ರದ ಪ್ರತಿ ಅಂಕಿಯನ್ನೂ ಮೂಲ ಡೇಟಾದಿಂದಲೇ ಮತ್ತೆ ತೆಗೆಸಿ ನೋಡಿ.